ಯಂತ್ರದ ಮುಂದೆ ಕೂತವರು ಯಾರು?

(ಬಾನುಲಿ ಭಾಷಣ)

ಒಂದು ನಗರದ ಏಳಿಗೆಯನ್ನು ಅಳೆಯುವವರು ಸಾಮಾನ್ಯವಾಗಿ ಅಲ್ಲಿ ಏನು ತಯಾರಾಗುತ್ತದೆ, ಎಷ್ಟು ತಯಾರಾಗುತ್ತದೆ ಎಂದು ಕೇಳುತ್ತಾರೆ. ತಯಾರಿಸುವವರು ಯಾರು, ಯಾವ ಸೀಮೆಯಿಂದ ಬಂದವರು, ಯಾವ ಮನೆಗಳ ಮಕ್ಕಳು ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕೇಳಿದ ಕೂಡಲೇ ಮಾತು ಅರ್ಥಶಾಸ್ತ್ರವನ್ನು ಬಿಟ್ಟು ಇತಿಹಾಸದ ಕಡೆಗೆ ಹೊರಳುತ್ತದೆ. ಅಮೆರಿಕದ ತಂತ್ರಜ್ಞಾನ ಉದ್ಯಮದಲ್ಲಿ ಈ ಪ್ರಶ್ನೆಗೆ ಬಹಿರಂಗವಾಗಿ ಉತ್ತರ ಕೊಡುವ ರೂಢಿ ಬಂದದ್ದು ಇತ್ತೀಚೆಗೆ. 2014ರಲ್ಲಿ ಗೂಗಲ್ ಕಂಪೆನಿ ತನ್ನ ನೌಕರರ ಲೆಕ್ಕವನ್ನು ಹೊರಗಿಟ್ಟಿತು. ಅಮೆರಿಕದಲ್ಲಿದ್ದ ಅದರ ನೌಕರರಲ್ಲಿ ನೂರಕ್ಕೆ 61 ಮಂದಿ ಬಿಳಿಯರು, 30 ಮಂದಿ ಏಷ್ಯಾ ಮೂಲದವರು. ಕರಿಯರು ಕೇವಲ 2 ಮಂದಿ. ಆ ಲೆಕ್ಕವನ್ನು ನೋಡಿ ಅಲ್ಲಿಯ ಪತ್ರಿಕೆಗಳು ಬಹಳ ಚರ್ಚೆ ನಡೆಸಿದವು.

ಇದೇ ಪ್ರಶ್ನೆಯನ್ನು ನಮ್ಮ ಬೆಂಗಳೂರಿಗೆ ಹಾಕಿದರೆ ಏನಾಗುತ್ತದೆ? ನಮ್ಮಲ್ಲಿ ಕರಿಯರು ಬಿಳಿಯರು ಎಂಬ ಭೇದವಿಲ್ಲ, ಆದುದರಿಂದ ಆ ಪ್ರಶ್ನೆ ನಮಗೆ ಸಲ್ಲದು ಎಂದು ಹೇಳುವವರುಂಟು. ಆದರೆ ನಮ್ಮ ಭಾಷೆ ಈ ಸಮಾಧಾನವನ್ನು ಒಪ್ಪುವುದಿಲ್ಲ. ಕನ್ನಡದಲ್ಲಿ 'ಜನಾಂಗ' ಎಂಬ ಮಾತಿದೆ. ಆಫ್ರಿಕದ ನೀಗ್ರೋ ಜನಾಂಗ ಎಂದು ಹಿಂದಿನ ಪಠ್ಯಪುಸ್ತಕಗಳು ಬರೆದವು. ಹಿಂದುಳಿದ ಜನಾಂಗ ಎಂದು ಸರ್ಕಾರಿ ಆದೇಶಗಳು ಬರೆದವು. ನಮ್ಮ ಜನಾಂಗದ ಹಾಸ್ಟೆಲು ಎಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಬಣ್ಣಕ್ಕೂ ಜಾತಿಗೂ ನಾವು ಒಂದೇ ಮಾತನ್ನು ಬಳಸುತ್ತ ಬಂದಿದ್ದೇವೆ. ಹುಟ್ಟಿನಿಂದ ಬಂದು, ಬದುಕಿನ ಬಾಗಿಲುಗಳನ್ನು ಕೆಲವರಿಗೆ ತೆರೆದು ಕೆಲವರಿಗೆ ಮುಚ್ಚುವಂಥದ್ದು ಯಾವುದೋ ಅದು ನಮಗೆ ಜನಾಂಗ. ಈ ಅರ್ಥದಲ್ಲಿ, ಬೆಂಗಳೂರಿನ ಯಂತ್ರಗಳ ಮುಂದೆ ಕೂತವರು ಯಾರು ಎಂಬ ಪ್ರಶ್ನೆಯನ್ನು ನಾನು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಎಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ, ನಿಂತು ಕೇಳಬಯಸುತ್ತೇನೆ. ರಾಜಧಾನಿಯಲ್ಲಿ ನಿಂತವರಿಗೆ ಬಾಗಿಲ ಒಳಗಿನ ನೋಟ ಕಾಣುತ್ತದೆ; ಬಾಗಿಲು ಎಷ್ಟು ದೂರವಿದೆ ಎಂಬುದು ಕಾಣುವುದು ಇಲ್ಲಿಂದ.

ನಮ್ಮ ಸಾಹಿತ್ಯ ಕಸುಬುದಾರರ ಹೆಸರುಗಳನ್ನು ಎಣಿಸಿದ ಸಾಹಿತ್ಯ. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ಓದಿದರೆ ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ ಎಂದು ಒಂದು ಸಮಾಜದ ದುಡಿಮೆಯೆಲ್ಲ ಹೆಸರು ಹಿಡಿದು ನಿಲ್ಲುತ್ತದೆ. ಕಸುಬು ಹುಟ್ಟಿನ ಗುರುತಾಗಿದ್ದ ಕಾಲದಲ್ಲಿ ಶರಣರು ಅದನ್ನು ಕಾಯಕವೆಂದು ಕರೆದು ಗೌರವ ತಂದರು. ಯಂತ್ರಯುಗ ಬಂದಾಗ ಇನ್ನೊಂದು ಆಸೆ ಹುಟ್ಟಿತು. ಕುಲುಮೆಗೆ, ಲೇತಿಗೆ, ವಿದ್ಯುತ್ತಿಗೆ ಜಾತಿಯಿಲ್ಲ. ಯಂತ್ರ ತನ್ನ ಗುಂಡಿಯನ್ನು ಒತ್ತಿದವನ ಕುಲ ಕೇಳುವುದಿಲ್ಲ. ಆದುದರಿಂದ ಯಂತ್ರದ ಮುಂದೆ ಎಲ್ಲರೂ ಸರಿಸಮರಾಗುತ್ತಾರೆ ಎಂಬುದೇ ಆ ಆಸೆ. ನೂರಾನಲವತ್ತು ವರ್ಷಗಳಿಂದ ಈ ಆಸೆ ಎಷ್ಟರಮಟ್ಟಿಗೆ ಕೈಗೂಡಿದೆ ಎಂಬುದನ್ನು ನೋಡೋಣ.

ಮೈಸೂರು ಸೀಮೆಯಲ್ಲಿ ಆಧುನಿಕ ತಂತ್ರಜ್ಞಾನ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಅಲ್ಲಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಹರಿದು ಆ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಂದಿನ ಜಗತ್ತಿನಲ್ಲೇ ಹೊಸದಾದ ಆ ತಂತ್ರಜ್ಞಾನದ ಸುತ್ತ ಜನ ಹೇಗೆ ಜೋಡಣೆಯಾದರು? ಮೇಲೆ ಯುರೋಪಿನ ಎಂಜಿನಿಯರುಗಳು, ಅವರಿಗೆ ಬಂಗಲೆ, ಕ್ಲಬ್ಬು. ನಡುವೆ ಆಂಗ್ಲೋ ಇಂಡಿಯನ್ ಮೇಸ್ತ್ರಿಗಳು, ಮೆಕ್ಯಾನಿಕ್ಕುಗಳು. ಕೆಳಗೆ, ನೆಲದೊಳಗಿನ ಬೇಗೆಯಲ್ಲಿ, ಬಹುಮಟ್ಟಿಗೆ ಮದರಾಸು ಪ್ರಾಂತದಿಂದ ಬಂದ ಅಸ್ಪೃಶ್ಯ ಜಾತಿಗಳ ತಮಿಳು ಕೂಲಿಗಳು. ಅವರಿಗೆ ಸಾಲು ಗುಡಿಸಲು. ಬಣ್ಣ, ಭಾಷೆ, ಜಾತಿ ಮೂರೂ ಒಂದರ ಮೇಲೊಂದು ಪದರವಾಗಿ ಕೂತವು. ಯಂತ್ರ ಕುಲ ಕೇಳಲಿಲ್ಲ, ನಿಜ; ಕೇಳುವ ಕೆಲಸವನ್ನು ಯಂತ್ರದ ಒಡೆಯರು ಮಾಡಿ ಮುಗಿಸಿದ್ದರು.

ಕೋಲಾರದಲ್ಲಿ ಬಿಳಿಯರ ಮೇಲುಗೈ ಕಣ್ಣಿಗೆ ಹೊಡೆಯುತ್ತಿತ್ತು. ಸಂಸ್ಥಾನದ ಕಚೇರಿಗಳಲ್ಲಿ ನಡೆದದ್ದು ಅಷ್ಟು ಸುಲಭವಾಗಿ ಕಾಣುವಂಥದ್ದಲ್ಲ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿ ಕೊಟ್ಟ ಮೇಲೆ ಮೇಲಿನ ಹುದ್ದೆಗಳಲ್ಲಿ ಮದರಾಸಿನಿಂದ ಬಂದವರೇ ಹೆಚ್ಚು ಎಂಬ ಅಸಮಾಧಾನ ಮೊದಲು ಎದ್ದಿತು. ಮೈಸೂರು ಮೈಸೂರಿನವರಿಗೆ ಎಂಬ ಕೂಗು ಹುಟ್ಟಿತು. ಆ ಕೂಗಿನೊಳಗಿನಿಂದಲೇ ಇನ್ನೊಂದು ಪ್ರಶ್ನೆ ತಲೆಯೆತ್ತಿತು: ಮೈಸೂರಿನವರೆಂದರೆ ಯಾರು? ಇಂಗ್ಲಿಷ್ ಶಿಕ್ಷಣ ಪಡೆದು ಹುದ್ದೆ ಹಿಡಿದವರಲ್ಲಿ ಬ್ರಾಹ್ಮಣರೇ ತುಂಬಿದ್ದರು. ಒಕ್ಕಲಿಗರು, ಲಿಂಗಾಯತರು, ಕುರುಬರು, ಮುಸಲ್ಮಾನರು ಬೆರಳೆಣಿಕೆಯಷ್ಟು. ಅಸ್ಪೃಶ್ಯರು ಎಣಿಕೆಯಲ್ಲೇ ಇರಲಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಅದರ ಮನವಿಗೆ ಕಿವಿಗೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. 1919ರಲ್ಲಿ ಬಂದ ಅದರ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಹೇಳಿತು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು.

ದಿವಾನ್ ವಿಶ್ವೇಶ್ವರಯ್ಯನವರು ಈ ನಡೆಯನ್ನು ಒಪ್ಪಲಿಲ್ಲ. 1918ರ ಕೊನೆಗೆ ಅಧಿಕಾರ ಬಿಟ್ಟರು. ಇಂದು ಕೆಲವರು ಅವರನ್ನು ಈ ಕಾರಣಕ್ಕೇ ಮೆಚ್ಚುತ್ತಾರೆ, ಕೆಲವರು ಈ ಕಾರಣಕ್ಕೇ ದೂರುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಎರಡೂ ಸಾಲದು. ಅವರ ವಾದ ಸ್ಥೂಲವಾಗಿ ಇಷ್ಟು: ಶಿಕ್ಷಣವನ್ನು ಹರಡಿ, ಉದ್ಯಮಗಳನ್ನು ಕಟ್ಟಿ, ದಕ್ಷತೆ ತಾನಾಗಿ ಎಲ್ಲ ಕಡೆಯಿಂದ ಬರುತ್ತದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಅವರ ಕಾಲದಲ್ಲೇ ಆದವು. ಮಿಲ್ಲರ್ ಸಮಿತಿಯ ವಾದವೂ ಅಷ್ಟೇ ಸ್ಪಷ್ಟ: ಹುದ್ದೆ ಹಿಡಿದವರ ಮಕ್ಕಳೇ ಕಾಲೇಜಿಗೆ ಬರುತ್ತಾರೆ, ಕಾಲೇಜಿಗೆ ಬಂದವರೇ ಹುದ್ದೆ ಹಿಡಿಯುತ್ತಾರೆ, ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸದೆ ದಾರಿಯಿಲ್ಲ. ಒಬ್ಬರು ಬೀಜದ ಮಾತಾಡಿದರು, ಇನ್ನೊಬ್ಬರು ಬೇಲಿಯ ಮಾತಾಡಿದರು. ಆಮೇಲಿನ ನೂರು ವರ್ಷಗಳಲ್ಲಿ ಬೆಂಗಳೂರಿನ ಪ್ರತಿಯೊಂದು ಹೊಸ ಉದ್ಯಮದ ಮುಂದೆಯೂ ಈ ವಾದ ಮತ್ತೆ ಮತ್ತೆ ನಡೆದಿದೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಯಂತ್ರದ ಪರಿಚಯವಾದದ್ದು ಬೆಂಗಳೂರಿನಿಂದಲ್ಲ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರ ತಯಾರಿಕೆ ಶುರುಮಾಡಿತು. ಆ ಬಡಾವಣೆಗೆ ಯಂತ್ರಾಪುರವೆಂದೇ ಹೆಸರು. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದವು. ಈ ಮೂರು ಊರುಗಳ ಕಾರ್ಮಿಕರ ಸಾಲಿನಲ್ಲಿ ಲಿಂಗಾಯತ, ಕುರುಬ, ನಾಯಕ, ಮುಸಲ್ಮಾನ, ದಲಿತ, ಹೊರಗಿನಿಂದ ಬಂದ ತಮಿಳರು, ತೆಲುಗರು, ಮಲೆಯಾಳಿಗಳು ಎಲ್ಲರೂ ಇದ್ದರು. ಭದ್ರಾವತಿಯ ಸಂತೆಯಲ್ಲಿ ನಾಲ್ಕು ಭಾಷೆ ಕೇಳಿಸುತ್ತಿದ್ದುದು ಅದರಿಂದಲೇ. ಅಲ್ಲಿ ಮೇಲು ಕೀಳು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಅನುಕೂಲವಿತ್ತು: ಹೈಸ್ಕೂಲು ಮುಗಿಸಿದ ಅಥವಾ ಮುಗಿಸದ ಹುಡುಗ ಅಪ್ರೆಂಟಿಸನಾಗಿ ಸೇರಿ, ಕನ್ನಡದಲ್ಲೇ ಕೆಲಸ ಕಲಿತು, ಹತ್ತು ಹದಿನೈದು ವರ್ಷಕ್ಕೆ ನುರಿತ ಫಿಟ್ಟರನೋ ಟರ್ನರನೋ ಆಗಬಹುದಿತ್ತು. ಬಾಗಿಲು ಹತ್ತಿರವಿತ್ತು, ಬಾಗಿಲ ಭಾಷೆ ಅವನ ಭಾಷೆಯಾಗಿತ್ತು.

ಬೆಂಗಳೂರಿನ ಸಾರ್ವಜನಿಕ ಉದ್ಯಮಗಳೂ ಹೆಚ್ಚು ಕಡಿಮೆ ಇದೇ ಬಗೆಯಲ್ಲಿ ಜನರನ್ನು ಸೇರಿಸಿಕೊಂಡವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಸಂವಿಧಾನ ಬಂದ ಮೇಲೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಇವುಗಳಲ್ಲಿ ಮೀಸಲಾತಿಯೂ ಬಂದಿತು. ಗಡಿಯಾರದ, ರೇಡಿಯೋ ಬಿಡಿಭಾಗಗಳ ಜೋಡಣೆಗೆ ಹೆಣ್ಣುಮಕ್ಕಳು ಬಂದರು. ಕಾರ್ಖಾನೆಯ ಬಸ್ಸು, ಕಾಲೊನಿಯ ಶಾಲೆ, ಸಂಘದ ರಾಜ್ಯೋತ್ಸವ, ಇವೆಲ್ಲ ಸೇರಿ ಕನ್ನಡ ಮಾತಾಡುವ ಒಂದು ಕುಶಲ ಕಾರ್ಮಿಕ ವರ್ಗ ರೂಪುಗೊಂಡಿತು. ಆದರೂ ಇಲ್ಲಿ ಕನ್ನಡಿಗರ ಪಾಲು ಸಾಲದೆಂಬ ದೂರು ಬಹುಕಾಲ ಇತ್ತು. 1983ರಲ್ಲಿ ಸರೋಜಿನಿ ಮಹಿಷಿಯವರ ಸಮಿತಿ ನೇಮಕವಾಗಿ 1986ರಲ್ಲಿ ಅಂತಿಮ ವರದಿ ಕೊಟ್ಟದ್ದು ಅದಕ್ಕೇ. ಗಮನಿಸಿ: 1881ರ ಮೈಸೂರಿಗರ ಕೂಗು ನೂರು ವರ್ಷಗಳ ಅನಂತರ ಬೇರೆ ಹೆಸರಿನಲ್ಲಿ ಮತ್ತೆ ಎದ್ದಿತ್ತು. ಜನ ಬಂದು ಕೂತಾದ ಮೇಲೆ ಎಣಿಸುವುದು ನಮ್ಮ ನಾಡಿನ ಹಳೆಯ ಅಭ್ಯಾಸ.

ಈ ನಡುವೆ ಬಾಗಿಲು ಕಾರ್ಖಾನೆಯಿಂದ ಕಾಲೇಜಿಗೆ ಸರಿಯಿತು. ಹುದ್ದೆಗೆ ಅಪ್ರೆಂಟಿಸಿಕೆಗಿಂತ ಎಂಜಿನಿಯರಿಂಗ್ ಪದವಿ ಮುಖ್ಯವಾದಾಗ, ಕಾಲೇಜಿನ ಸೀಟುಗಳೇ ಜನಾಂಗಗಳ ಕದನದ ಕಣವಾದವು. 1951ರಲ್ಲಿ ಮದರಾಸಿನ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳ ವ್ಯಾಜ್ಯದಿಂದಲೇ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡುವ ವಿಧಿ ಸೇರಿತು. ಅದೇ 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ನಮ್ಮ ಭಾಗದ ಭಾಗ್ಯ. ತವನಪ್ಪನವರ ಮನೆತನದ ದಾನದ ನೆನಪು ಅದರ ಹೆಸರಿನಲ್ಲೇ ಇದೆ. ನಾಗನಗೌಡ ಸಮಿತಿಯ ವರದಿಯನ್ನನುಸರಿಸಿ ಮೈಸೂರು ಸರ್ಕಾರ 1962ರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟುಗಳನ್ನು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿ, ಸ್ಥೂಲವಾಗಿ ಮೀಸಲಾತಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದು ಹೇಳಿತು. ಇಡೀ ಭಾರತ ಇಂದಿಗೂ ಚರ್ಚಿಸುತ್ತಿರುವ ನೂರಕ್ಕೆ 50ರ ಗೆರೆ ಮೊದಲು ಬಿದ್ದದ್ದು ನಮ್ಮ ರಾಜ್ಯದ ಕಾಲೇಜು ಸೀಟುಗಳ ಮೇಲೆ ಎಂಬುದನ್ನು ನಾವು ಮರೆಯಬಾರದು. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಎಲ್.ಜಿ. ಹಾವನೂರರ ಆಯೋಗ 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟಿತು. ಮಿಲ್ಲರ್ ಸಮಿತಿಯ ಫಲವನ್ನು ಮೊದಲು ಉಂಡವರು ಬಲಿತ ಸಮುದಾಯಗಳೇ. ಅವುಗಳ ನೆರಳಿನಲ್ಲಿ ಉಳಿದಿದ್ದ ಚಿಕ್ಕಪುಟ್ಟ ಜಾತಿಗಳನ್ನು ಹಾವನೂರರು ಹೆಸರು ಹಿಡಿದು ಕರೆದರು.

ಸರ್ಕಾರಿ ಸೀಟಿನ ಜಗಳ ಹೀಗೆ ನಡೆದಿರುವಾಗಲೇ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಸಾಲುಸಾಲಾಗಿ ಎದ್ದವು. ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರದು. ಮಠಗಳು, ಜನಾಂಗಗಳ ಸಂಘಗಳು ಕಟ್ಟಿದ ಈ ಕಾಲೇಜುಗಳು ಬ್ರಾಹ್ಮಣೇತರ ಮಧ್ಯಮ ವರ್ಗದ ಸಾವಿರಾರು ಮಕ್ಕಳನ್ನು ಎಂಜಿನಿಯರುಗಳನ್ನಾಗಿ ಮಾಡಿದವು. ಅದು ಸಣ್ಣ ಸಾಧನೆಯಲ್ಲ. ಆದರೆ ಅವುಗಳೊಡನೆ ಕ್ಯಾಪಿಟೇಷನ್ ಎಂಬ ಹೊಸ ಮಾತೂ ನಮ್ಮ ಹಳ್ಳಿಗಳಿಗೆ ಬಂದಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆಯಾಗಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಏರ್ಪಾಡು ಬಂದಿತು.

ಈ ಘಟ್ಟದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ದಾರಿ ಒಡೆದುಹೋಯಿತು. ಹಣ ಕೊಟ್ಟು ಸೀಟು ಪಡೆಯುವ ಕಾಲದಲ್ಲಿ ಹಣ ಎಲ್ಲಿಂದ ಬರಬೇಕು? ಭೂಮಿಯಿಂದ. ಭೂಮಿಗೆ ಬೆಲೆ ಬರಬೇಕಾದರೆ? ನೀರಿನಿಂದ. ಭದ್ರಾ ನಾಲೆಗಳ ನೀರು, ಸೂಳೆಕೆರೆಯ ನೀರು, ತುಂಗಭದ್ರೆಯ ದಡ ಸಿಕ್ಕ ಕಡೆ ಭತ್ತ ಬಂದಿತು, ಅಡಿಕೆ ತೋಟ ಎದ್ದಿತು. ಚನ್ನಗಿರಿಯ ಅಡಿಕೆಗೆ ದೂರದ ಮಾರುಕಟ್ಟೆಯಲ್ಲಿ ಹೆಸರಾಯಿತು. ತೋಟವುಳ್ಳ ಮನೆಯ ಮಗ, ಆಮೇಲೆ ಮಗಳೂ, ಎಂಜಿನಿಯರಿಂಗ್ ಓದಿದರು. ಜಗಳೂರಿಗೆ ನಾಲೆ ಬರಲಿಲ್ಲ. ಮಳೆ ನಂಬಿದ ಆ ಸೀಮೆಯಲ್ಲಿ ಶೇಂಗಾ, ಜೋಳ, ಈರುಳ್ಳಿ ಒಂದು ವರ್ಷ ಕೈಹಿಡಿದರೆ ಎರಡು ವರ್ಷ ಕೈಬಿಡುತ್ತಿದ್ದವು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಜಗಳೂರಿನವರು ಎಷ್ಟು ವರ್ಷಗಳಿಂದ ದನಿಯೆತ್ತುತ್ತಿದ್ದಾರೆಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ನಾಲೆಯ ನಕ್ಷೆಯನ್ನು ಹರಡಿಕೊಂಡು ಅದರ ಮೇಲೆ ಎಂಜಿನಿಯರುಗಳ ಮನೆಗಳನ್ನು ಗುರುತಿಸುತ್ತ ಹೋದರೆ ಎರಡೂ ಬಹುಮಟ್ಟಿಗೆ ಕೂಡಿಬರುತ್ತವೆ ಎಂಬುದು ಈ ಸೀಮೆಯ ಮಕ್ಕಳಿಗೆ ವರ್ಷಗಳ ಕಾಲ ಪಾಠ ಹೇಳಿದ ನನ್ನ ಅನುಭವ. ಜಾತಿ ಒಂದೇ ಆದರೂ ನೀರು ಬೇರೆಯಾದರೆ ಹಣೆಬರಹ ಬೇರೆ.

ನೀರಾವರಿಯಿಂದಲೂ ಪಾಲು ಪಡೆಯದವರು ಭೂಮಿಯೇ ಇಲ್ಲದವರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು 1739ರಲ್ಲಿ ಎಂದು ಪ್ರತೀತಿ. ದೇಶದ ನಾನಾ ಕಡೆಗಳಿಂದ ಬಂಜಾರರು ಅಲ್ಲಿಗೆ ಬರುತ್ತಾರೆ. ಈ ಬಂಜಾರರು, ಅಥವಾ ನಾವು ರೂಢಿಯಲ್ಲಿ ಹೇಳುವ ಲಂಬಾಣಿಗರು, ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು ದವಸ ಹೇರಿ ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದ ಸಾರಿಗೆಯ ಪ್ರವೀಣರು. ರೈಲು ಬಂದಿತು, ರಸ್ತೆ ಬಂದಿತು. ಅವರ ಕಸುಬು ಹೋಯಿತು. ತಂತ್ರಜ್ಞಾನದ ಮೊದಲ ಪೆಟ್ಟು ತಿಂದ ಜನಾಂಗವೊಂದು ನಮ್ಮ ಪಕ್ಕದ ತಾಂಡಾಗಳಲ್ಲೇ ಇದೆ. ಅಲ್ಲಿಂದ ಇಂದೂ ಜನ ಗುಳೆ ಹೋಗುತ್ತಾರೆ: ಮಲೆನಾಡಿನ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ.

ಈಗ ಆ ಕಟ್ಟಡಗಳ ಒಳಗಿನ ಮಾತಿಗೆ ಬರೋಣ. 1976ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹುಟ್ಟಿ, ಆರ್.ಕೆ. ಬಾಳಿಗರ ಮುಂದಾಲೋಚನೆಯಿಂದ ಬೆಂಗಳೂರಿನ ಹೊರವಲಯದಲ್ಲಿ ಎಲೆಕ್ಟ್ರಾನಿಕ್ಸ್ ನಗರ ಎದ್ದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. 1991ರ ಅನಂತರ ಸಾಫ್ಟ್‌ವೇರ್ ಉದ್ಯಮ ಹೊಳೆಯಂತೆ ಹರಿಯಿತು. 1997ರಲ್ಲಿ ಭಾರತದ ರಾಜ್ಯಗಳಲ್ಲೇ ಮೊದಲನೆಯದೆನಿಸಿದ ಮಾಹಿತಿ ತಂತ್ರಜ್ಞಾನ ನೀತಿಯನ್ನು ಕರ್ನಾಟಕ ಪ್ರಕಟಿಸಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತಾಡಿದವರೂ ಅವರೇ; 1997ರಲ್ಲಿ ದಾವಣಗೆರೆ ಜಿಲ್ಲೆಯನ್ನು ರಚಿಸಿದವರೂ ಅವರೇ. ಲೋಕಸಭೆಯಲ್ಲಿ ಕನ್ನಡಕ್ಕೆ ಬಾಗಿಲು ತೆರೆದವರ ಆಡಳಿತದಲ್ಲೇ, ಕನ್ನಡ ಎಳ್ಳಷ್ಟೂ ಬೇಕಿಲ್ಲದ ಉದ್ಯಮವೊಂದು ನಾಡಿನ ಹೆಮ್ಮೆಯಾಗಿ ಬೆಳೆಯಿತು. ಇದನ್ನು ವ್ಯಂಗ್ಯವೆಂದು ಕರೆದು ಸುಮ್ಮನಾಗುವುದು ಸುಲಭ. ಅದರ ಕೆಲಸದ ಬಗೆಯನ್ನು ಅರಿಯುವುದು ಹೆಚ್ಚು ಪ್ರಯೋಜನಕಾರಿ.

ಸಾಫ್ಟ್‌ವೇರ್ ಕಂಪೆನಿಗಳು ಜಾತಿ ಕೇಳುವುದಿಲ್ಲ. ಈ ಮಾತನ್ನು ಒಪ್ಪಬೇಕು. ಪರೀಕ್ಷೆ ಬರೆಸುತ್ತಾರೆ, ಸಂದರ್ಶನ ಮಾಡುತ್ತಾರೆ, ಆಯುತ್ತಾರೆ. ಯಾರ ಶಿಫಾರಸೂ ಇಲ್ಲದ ಬಡ ಮೇಷ್ಟರ ಮಗ ಕೈತುಂಬ ಸಂಬಳ ಪಡೆದು ತಂದೆಯ ಸಾಲ ತೀರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಜಾತಿ ಕೇಳದ ಬಾಗಿಲು ಇಂಗ್ಲಿಷನ್ನು ಕೇಳಿತು. ಯಾವ ಕಾಲೇಜು ಎಂದು ಕೇಳಿತು. ನಾಲ್ಕು ಜನರ ಮುಂದೆ ಅಳುಕದೆ ಮಾತಾಡುವ ನಗರದ ಠೀವಿಯನ್ನು ಕೇಳಿತು. ಇವು ಮೂರೂ ಎರಡು ಮೂರು ತಲೆಮಾರಿನ ಓದಿನಿಂದ ಬರುವಂಥವು. 2006ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಅವರ ಅಧ್ಯಯನ ಹೊರಬಂದಾಗ, ಈ ಉದ್ಯಮದ ಎಂಜಿನಿಯರುಗಳು ಬಹುಮಟ್ಟಿಗೆ ನಗರದ, ಮಧ್ಯಮ ವರ್ಗದ, ಮೇಲುಜಾತಿಗಳ ಮನೆಗಳಿಂದ ಬಂದವರೆಂದು ಕಂಡಿತು. ಇಂಗ್ಲಿಷಿನ ಅಕ್ಷರವನ್ನು ಅಳತೆಗೋಲಾಗಿ ಹಿಡಿದು ಮಿಲ್ಲರ್ ಸಮಿತಿ 1919ರಲ್ಲಿ ಗುರುತಿಸಿದ್ದ ಅಂತರವೇ ಹೊಸ ಕಟ್ಟಡದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಅದೇ 2006ರಲ್ಲಿ ಖಾಸಗಿ ಉದ್ಯಮದಲ್ಲೂ ಮೀಸಲಾತಿ ಬೇಕೆಂಬ ಮಾತು ಎದ್ದಾಗ ಉದ್ಯಮಿಗಳ ಒಕ್ಕೂಟ ಕಾನೂನು ಬೇಡವೆಂದು, ತಾವಾಗಿ ಪಾಲಿಸುವ ನಿಯಮಾವಳಿಯೊಂದನ್ನು ಮುಂದಿಟ್ಟಿತು. ಕಂಪೆನಿಗಳ ವಾರ್ಷಿಕ ವರದಿಗಳಲ್ಲಿ ಇಂದು ಹೆಣ್ಣುಮಕ್ಕಳೆಷ್ಟು, ಅಂಗವಿಕಲರೆಷ್ಟು ಎಂಬ ಲೆಕ್ಕ ಸಿಗುತ್ತದೆ. ಜಾತಿಯ ಲೆಕ್ಕ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನೂ ಒಂದು ಲೆಕ್ಕವಿದೆ. ಆ ಗಾಜಿನ ಕಟ್ಟಡದ ಆವರಣದಲ್ಲಿ ಬೆಳಿಗ್ಗೆ ಕಾಲಿಡುವವರೆಲ್ಲರನ್ನೂ ಎಣಿಸಿದರೆ ಎಲ್ಲ ಜನಾಂಗಗಳೂ ಸಿಗುತ್ತವೆ. ಕಾವಲಿನವರು, ಕಾರು ಓಡಿಸುವವರು, ಕಸ ಗುಡಿಸುವವರು, ಅಡಿಗೆಯವರು, ತೋಟ ನೋಡುವವರು. ನಮ್ಮ ತಾಲ್ಲೂಕುಗಳ ಮಕ್ಕಳು ಅವರಲ್ಲಿ ಧಾರಾಳವಾಗಿ ಇದ್ದಾರೆ. ಆದರೆ ಅವರ ಹೆಸರಿರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ವಿಮಾನ ಕಾರ್ಖಾನೆಯಲ್ಲಿ ಗುಡಿಸುವವನೂ ಕಾರ್ಖಾನೆಯ ನೌಕರನಾಗಿದ್ದರೆ ಅವನ ಮಗ ಕಾಲೊನಿಯ ಶಾಲೆಗೆ ಹೋಗಬಹುದಿತ್ತು. ಇಂದು ಕೆಲಸ ಒಂದೇ ಸೂರಿನಡಿಯಲ್ಲಿದ್ದರೂ ಮೇಲೇರುವ ಮೆಟ್ಟಿಲನ್ನು ತೆಗೆದುಬಿಟ್ಟಿದ್ದಾರೆ. ಇತ್ತ ಹರಿಹರದ ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿತು; ದಾವಣಗೆರೆಯ ಗಿರಣಿಗಳ ಸದ್ದಡಗಿತು; ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಊರಿಗೆ ಊರೇ ಬೀದಿಗಿಳಿಯಿತು. ಹತ್ತಿರದ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲೇ ದೂರದ ಬಾಗಿಲ ಭಾಷೆ ಬದಲಾಯಿತು ಎಂಬುದು ಈ ಇತಿಹಾಸದ ತಿರುಳು.

ಎಣಿಸದೆ ಬಿಟ್ಟದ್ದು ಕಳೆದುಹೋಗುವುದಿಲ್ಲ. ಅದು ಹಡಗು ಹತ್ತಿ ಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಯ ಆಧಾರದ ಮೇಲೆ ಭೇದ ಮಾಡಬಾರದೆಂದು ಕಾನೂನು ಮಾಡಿತು. ಆ ದೇಶದ ನಗರಗಳಲ್ಲಿ ಅದೇ ಮೊದಲು. ಸಿಯಾಟಲ್ ತಂತ್ರಜ್ಞಾನದ ಊರು, ನಮ್ಮವರು ನೆಲೆಸಿದ ಊರು. ಬಣ್ಣದ ಭೇದಕ್ಕೆ ಗುರಿಯಾಗಬಹುದಾದವರೇ ಜಾತಿಯ ಭೇದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದರೆಂದು ಆ ದೇಶದವರು ನಮಗೆ ಹೇಳಬೇಕಾಯಿತು.

ಇತ್ತ ಕರ್ನಾಟಕ ಸರ್ಕಾರ 2024ರ ಜುಲೈಯಲ್ಲಿ ಒಂದು ಮಸೂದೆ ತರಹೊರಟಿತು: ಖಾಸಗಿ ಉದ್ಯಮಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಎಂದು. ಉದ್ಯಮಿಗಳು ಹುಯಿಲೆಬ್ಬಿಸಿದರು, ಮಸೂದೆಯನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಕಾನೂನಿನ ಸಾಧುತ್ವವನ್ನು ಬಲ್ಲವರು ಹೇಳಲಿ. ನನಗೆ ತೋರುವುದಿಷ್ಟು: ಸ್ಥಳೀಯ ಎಂಬ ಮಾತು ಚನ್ನಗಿರಿಯ ತೋಟದ ಮನೆಯನ್ನೂ ಸೂರಗೊಂಡನಕೊಪ್ಪದ ತಾಂಡಾವನ್ನೂ ಜಯನಗರದ ಬಂಗಲೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತದೆ. ಮೈಸೂರು ಮೈಸೂರಿನವರಿಗೆ ಎಂದಾಗ ಮೈಸೂರಿನವರು ಯಾರು ಎಂಬ ಪ್ರಶ್ನೆ ಉಳಿದಂತೆಯೇ ಇಲ್ಲಿಯೂ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಡಾಕ್ಟರ್ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಎಣಿಸಿ ತೋರಿಸಿತು. ಚನ್ನಗಿರಿ, ಹೊನ್ನಾಳಿ, ಜಗಳೂರು ಆ ಪಟ್ಟಿಯಲ್ಲಿವೆ. ಆ ಎಣಿಕೆಯ ಗುಣವೇನೆಂದರೆ ಅದು ಫಲವನ್ನು ಎಣಿಸದೆ ಬೇರನ್ನು ಎಣಿಸಿತು: ಶಾಲೆ, ಆಸ್ಪತ್ರೆ, ರಸ್ತೆ, ನೀರು. ತಂತ್ರಜ್ಞರ ವಿಷಯದಲ್ಲೂ ಇಂಥ ಎಣಿಕೆ ಬೇಕು. ಜಗಳೂರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು ವರ್ಷವಿಡೀ ಇದ್ದಾರೆಯೆ? ನ್ಯಾಮತಿಯ ತಾಂಡಾದ ಹುಡುಗಿ ಹತ್ತನೆಯ ತರಗತಿಯ ಅನಂತರ ವಿಜ್ಞಾನ ಓದಬೇಕಾದರೆ ಎಷ್ಟು ದೂರದ ಬಸ್ಸು ಹಿಡಿಯಬೇಕು? ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಸುತ್ತಿರುವುದು ಸರಿ. ಕಲಿಸುವ ಮೇಷ್ಟರಿಗೆ ಇಂಗ್ಲಿಷ್ ಕಲಿಸಿದವರು ಯಾರು? ಎಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಎಂಬ ಮೀಸಲು ಇದೆ. ಆ ಸೀಟು ಹಿಡಿದು ಹೋದವರಲ್ಲಿ ಎಷ್ಟು ಮಂದಿ ಮೊದಲ ವರ್ಷ ದಾಟಿದರು, ಎಷ್ಟು ಮಂದಿ ಬೆಂಗಳೂರಿನ ಬಾಗಿಲು ತಲುಪಿದರು ಎಂಬ ಲೆಕ್ಕವನ್ನು ತಾಲ್ಲೂಕುವಾರು, ಜಾತಿವಾರು ಪ್ರತಿ ವರ್ಷ ಪ್ರಕಟಿಸಲಿ. ರಾಜ್ಯ ಸರ್ಕಾರ 2015ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಮನೆಮನೆಗೆ ಹೋಗಿ ಜಾತಿ, ಶಿಕ್ಷಣ, ಉದ್ಯೋಗಗಳನ್ನು ಕೇಳಿದೆ. ಎಣಿಸುವುದು ನಮ್ಮಿಂದಾಗದ ಕೆಲಸವೇನಲ್ಲ. ಕಂಪೆನಿಗಳೂ ಹೆಣ್ಣುಮಕ್ಕಳ ಲೆಕ್ಕ ಇಟ್ಟಂತೆ, ನೌಕರರು ತಾವಾಗಿ ಹೇಳಿದಷ್ಟನ್ನಾದರೂ, ಯಾರ ಹೆಸರನ್ನೂ ಹೊರಗೆಡಹದೆ ಲೆಕ್ಕವಿಡಲಿ. ಗುತ್ತಿಗೆಯವರನ್ನೂ ಅದರೊಳಗೆ ಸೇರಿಸಲಿ.

ಎಣಿಸಿದರೆ ಜಾತಿ ಬೆಳೆಯುತ್ತದೆ ಎಂದು ಹೆದರುವವರಿದ್ದಾರೆ. ಸಜ್ಜನರ ಹೆದರಿಕೆ ಅದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಜಗಳೂರಿನ ಹುಡುಗ ಬಾಗಿಲು ತಲುಪದೇ ಹೋದದ್ದಕ್ಕೆ ಕಾರಣ ಅವನ ಬುದ್ಧಿಯೇ, ಅವನ ಊರಿನ ನೀರೇ, ಶಾಲೆಯೇ, ಜಾತಿಯೇ ಎಂಬುದು ಎಣಿಸದೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ಪ್ರತಿಯೊಬ್ಬನೂ ತನಗೆ ಅನುಕೂಲವಾದ ಕಾರಣವನ್ನು ಆರಿಸಿಕೊಳ್ಳುತ್ತಾನೆ: ಒಳಗಿದ್ದವನು ಯೋಗ್ಯತೆ ಎನ್ನುತ್ತಾನೆ, ಹೊರಗಿದ್ದವನು ಮೋಸ ಎನ್ನುತ್ತಾನೆ. ಈ ಎರಡು ಮಾತುಗಳ ನಡುವೆ ನೂರು ವರ್ಷ ಕಳೆದಿವೆ. ಬೆಂಗಳೂರಿನಲ್ಲಿ ಈಗ ಇನ್ನೊಂದು ಹೊಸ ವಿದ್ಯೆ, ಯಂತ್ರಕ್ಕೇ ಬುದ್ಧಿ ಕಲಿಸುವ ವಿದ್ಯೆ, ಬಾಗಿಲು ತೆರೆಯುತ್ತಿದೆ. ಅದರ ಕುರ್ಚಿಗಳು ಇನ್ನೂ ತುಂಬಿಲ್ಲ. ಈ ಸಲವಾದರೂ ಜನ ಬಂದು ಕೂರುವುದಕ್ಕೆ ಮುಂಚೆ ಲೆಕ್ಕ ಶುರುವಾಗಲಿ, ಮತ್ತು ಆ ಲೆಕ್ಕ ಜಗಳೂರಿನ ಶಾಲೆಯ ಹಾಜರಿ ಪುಸ್ತಕದಿಂದ ಶುರುವಾಗಲಿ.